ಹೊಲಿದಿಟ್ಟ ಕಾನೂನು

ನಮ್ಮ ಗ್ರಂಥಾಲಯದ ಮೂರನೇ ಮಹಡಿಯ ಮೂಲೆ ಕೋಣೆಯನ್ನು ಇಬ್ಬರಿಗೆ ಹಂಚಿದ್ದರು. ಒಬ್ಬ ನಾನು, ಬೈಂಡರ್. ನನ್ನ ಅಂಟಿನ ವಾಸನೆ ಯಾರಿಗೂ ಬೇಡವಾಗಿತ್ತು. ಇನ್ನೊಬ್ಬರು ನಕಲು ವಿಭಾಗದ ಸಾಹೇಬರು. ಅವರ ಯಂತ್ರದ ಬಿಸಿ ಯಾರಿಗೂ ಬೇಡವಾಗಿತ್ತು. ಕೆಲವರಿಗೆ ಸಾಹೇಬರೇ ಬೇಡವಾಗಿದ್ದರು, ಆದರೆ ಅದನ್ನು ಯಾವ ಕಡತದಲ್ಲೂ ಬರೆದಿರಲಿಲ್ಲ.

ಬೆನ್ನ ಹಿಂದೆ ಎಲ್ಲರೂ ಅವರನ್ನು ಶೇಕಡಾ ಸಾಹೇಬರು ಎನ್ನುತ್ತಿದ್ದರು. ಕೃತಿಸ್ವಾಮ್ಯದ ಕಾನೂನಿನಂತೆ ಪುಸ್ತಕವಾದರೆ ನೂರಕ್ಕೆ ಹತ್ತು ಪುಟ, ಪತ್ರಿಕೆಯಾದರೆ ಒಂದು ಸಂಚಿಕೆಗೆ ಒಂದು ಲೇಖನ. ಅದಕ್ಕಿಂತ ಒಂದು ಸಾಲು ಹೆಚ್ಚಿಗೆ ಅವರ ಯಂತ್ರದಿಂದ ಹೊರಬಂದದ್ದನ್ನು ಕಂಡವರಿಲ್ಲ. ಬೇರೆ ಕಚೇರಿಗಳಲ್ಲಿ ಹತ್ತು ಪರ್ಸೆಂಟ್ ಎಂದರೆ ಬೇರೆಯೇ ಅರ್ಥ. ಆ ಹೆಸರನ್ನು ಪ್ರಾಮಾಣಿಕವಾಗಿ ಸಂಪಾದಿಸಿದ ಅಧಿಕಾರಿ ಇವರೊಬ್ಬರೇ ಇರಬೇಕು. ಒಮ್ಮೆ ಇನ್ನೂರ ಮೂರು ಪುಟದ ಪುಸ್ತಕ ಬಂತು. ಲೆಕ್ಕ ಹಾಕಿದರೆ ಇಪ್ಪತ್ತು ಪುಟ ಮತ್ತು ಚೂರು. ಸಾಹೇಬರು ನನ್ನಿಂದ ಒಂದು ರಟ್ಟು ಕತ್ತರಿಸಿಕೊಂಡು, ಇಪ್ಪತ್ತೊಂದನೇ ಪುಟದ ಹತ್ತರಲ್ಲಿ ಏಳು ಭಾಗ ಮುಚ್ಚಿ, ಮೇಲಿನ ಹತ್ತು ಸಾಲನ್ನು ಮಾತ್ರ ನಕಲು ತೆಗೆದುಕೊಟ್ಟರು. ಹತ್ತನೇ ಸಾಲು ‘ಆದ್ದರಿಂದ’ ಎಂಬಲ್ಲಿಗೆ ನಿಂತಿತ್ತು.

ಇಷ್ಟು ಬಿಗಿ ಯಾಕೆ ಎಂದು ನಾನು ಕೇಳಿದ್ದೆ. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಗಣಿತದ ಮೇಷ್ಟ್ರು ಇದೇ ಕೋಣೆಗೆ ಬಂದಿದ್ದರಂತೆ. ಅವರು ಬರೆದ ಪುಸ್ತಕ ಹೊರಗೆ ಬೀದಿಯಲ್ಲಿ ನಕಲಾಗಿ, ಪಿನ್ ಹೊಡೆದು ರಾಶಿ ಬಿದ್ದಿತ್ತು. ಮೇಷ್ಟ್ರು ಜಗಳವಾಡಲಿಲ್ಲ. ‘ಇದು ನಿಮ್ಮ ಯಂತ್ರದಿಂದ ಹೋಯ್ತಾ ಸಾರ್?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದು ಹೋದರಂತೆ. ‘ಬೈದಿದ್ರೆ ಮರೀತಿದ್ದೆ ಬೈಂಡರೇ. ಬೈಲಿಲ್ಲ’ ಎಂದಿದ್ದರು ಸಾಹೇಬರು. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಆ ಕೋಣೆಗೆ ಒಂದು ಮಂಗಳವಾರ ಮಧ್ಯಾಹ್ನ, ಆಸ್ಪತ್ರೆಯ ಪಾಳಿ ಮುಗಿಸಿಕೊಂಡು ಒಬ್ಬ ನರ್ಸ್ ಬಂದರು. ಐವತ್ತರ ಹತ್ತಿರದ ಹೆಂಗಸು. ಎದೆಯ ಮೇಲೆ ತಲೆಕೆಳಗಾಗಿ ನೇತಾಡುವ ಪುಟ್ಟ ಗಡಿಯಾರ, ಕಾಲಲ್ಲಿ ಸದ್ದಿಲ್ಲದ ಬಿಳಿ ಬೂಟು. ಕೈಯಲ್ಲಿ ಕೆಳಗಿನ ಮಹಡಿಯಿಂದ ತಂದ ಹಳೆಯ ಮಾಸಪತ್ರಿಕೆಯ ಒಂದು ಸಂಚಿಕೆ.

‘ಸಾರ್, ಇದು ಪೂರ್ತಿ ಬೇಕಿತ್ತು.’

ಸಾಹೇಬರು ಸಂಚಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ವಿಷಯಸೂಚಿ ನೋಡಿದರು. ‘ಇದ್ರಲ್ಲಿ ಲೇಖನಾನೇ ಇಲ್ವಲ್ಲ ಸಿಸ್ಟರ್. ಬರೀ ಕಾಗದಗಳು.’

‘ಹೌದು ಸಾರ್. ಐವತ್ತೆಂಟು.’

‘ಬರೆದೋರು ಐವತ್ತೆಂಟು ಜನ. ಅಂದ್ರೆ ಐವತ್ತೆಂಟು ಲೇಖನ ಇದ್ದ ಹಾಗೆ. ಒಂದು ಆರಿಸ್ಕೊಳ್ಳಿ.’

‘ಒಂದಾ?’

‘ಯಾವುದಾದ್ರೂ ಒಂದು. ನಿಮ್ಮಿಷ್ಟ’ ಎಂದರು ಸಾಹೇಬರು, ದಾನಶೂರರ ಧಾಟಿಯಲ್ಲಿ.

ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತು ವಿವರಿಸಿದರು. ಎದೆ ಬಡಿದುಕೊಂಡು ಹೇಳಲಿಲ್ಲ. ಪಾಳಿ ಬದಲಾಗುವಾಗ ಮುಂದಿನವಳಿಗೆ ರೋಗಿಯನ್ನು ಒಪ್ಪಿಸುವ ಹಾಗೆ, ಮುಖ್ಯವಾದದ್ದನ್ನು ಮೊದಲು ಹೇಳಿದರು. ಆ ಪತ್ರಿಕೆ ನರ್ಸ್‌ಗಳಿಗಾಗಿ ಒಂದು ಆಸ್ಪತ್ರೆ ಹೊರಡಿಸುತ್ತಿದ್ದದ್ದು. ಹನ್ನೊಂದು ವರ್ಷ ನಡೆದು ನಿಂತುಹೋಯಿತು. ಒಮ್ಮೆ ಅದರ ಸಂಪಾದಕಿ ಓದುಗರಿಗೆ ಒಂದು ಪ್ರಶ್ನೆ ಹಾಕಿದ್ದರು: ಮಾತು ಬಾರದ ರೋಗಿಗೆ ನೋವಾಗುತ್ತಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಉತ್ತರಗಳು ಇಡೀ ಒಂದು ಸಂಚಿಕೆ ತುಂಬುವಷ್ಟು ಬಂದವು. ಬರೆದವರು ಪಂಡಿತರಲ್ಲ, ವಾರ್ಡಿನಲ್ಲಿ ನಿಂತು ಕಾಲು ಊದಿಸಿಕೊಂಡವರು. ಅವರು ಕಂಡ ಗುರುತುಗಳನ್ನೆಲ್ಲ ವಿಂಗಡಿಸಿ, ಎಷ್ಟು ಜನ ಯಾವುದನ್ನು ಹೇಳಿದ್ದಾರೆಂದು ನೋಡುವುದು ಸಿಸ್ಟರ್ ಅವರ ಸಂಶೋಧನೆ. ಕೆಲಸದ ನಡುವೆಯೇ ಏಳು ವರ್ಷದಿಂದ ನಡೆದಿದೆ. ವಿಶ್ವವಿದ್ಯಾಲಯ ಎರಡು ಸಲ ಗಡುವು ಮುಂದೂಡಿದೆ, ಮೂರನೇ ಸಲ ಇಲ್ಲ ಎಂದಿದೆ. ಇನ್ನು ಹತ್ತೊಂಬತ್ತು ದಿನ. ಆ ಹೊತ್ತಿಗೆ ಪ್ರಬಂಧ ಕೊಡದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

‘ಒಂದು ಕಾಗದ ಇಟ್ಕೊಂಡು ನಾನೇನ್ ಮಾಡ್ಲಿ ಸಾರ್? ಒಬ್ಬಳು ಹೇಳಿದ್ರೆ ಅದು ಕಥೆ. ಐವತ್ತೆಂಟರಲ್ಲಿ ನಲವತ್ತು ಜನ ಅದನ್ನೇ ಹೇಳಿದ್ರೆ ಅದು ಶೋಧನೆ.’

‘ಕಥೇನೂ ಕೆಟ್ಟದ್ದಲ್ಲ’ ಎಂದರು ಸಾಹೇಬರು, ಸಮಾಧಾನಕ್ಕೆ.

‘ಇಲ್ಲೇ ಕೂತು ಓದಿ ಟಿಪ್ಪಣಿ ಮಾಡ್ಕೊಳ್ಳಿ’ ಎಂದು ನಾನು ಬಾಯಿ ಹಾಕಿದೆ. ಅದಾಗದಂತೆ. ಇಬ್ಬರು ಬೇರೆ ಬೇರೆ ಕೂತು ಎಲ್ಲ ಕಾಗದ ಓದಿ ವಿಂಗಡಿಸಬೇಕು, ಇಬ್ಬರ ಪಟ್ಟಿಯೂ ಹೊಂದಬೇಕು. ಇಲ್ಲದಿದ್ದರೆ ಪರೀಕ್ಷಕರು ಒಪ್ಪುವುದಿಲ್ಲ. ಎರಡನೆಯವರು ಆಕೆಯ ಗುರುಗಳು. ಅವರು ಇರುವುದು ನದಿಯಾಚೆ, ಅಂದರೆ ಬೇರೆ ದೇಶದಲ್ಲಿ. ಮೊಣಕಾಲು ಹೋಗಿದೆ, ನಮ್ಮ ಮೂರು ಮಹಡಿ ಹತ್ತುವ ಮಾತಿಲ್ಲ, ಸಂಚಿಕೆ ಹೊರಗೆ ಕೊಡುವ ಪದ್ಧತಿಯಿಲ್ಲ.

ನದಿಯಾಚೆ ಎಂದರೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಸೇತುವೆಯ ಈ ತುದಿಗೊಂದು ಕಾವಲು ಚೌಕಿ, ಆ ತುದಿಗೊಂದು. ಅಲ್ಲಿನ ಗ್ರಂಥಾಲಯದಲ್ಲಿ ಇದೇ ಪತ್ರಿಕೆಯ ಮಿಕ್ಕೆಲ್ಲ ಸಂಚಿಕೆಗಳಿದ್ದವು. ಸಿಸ್ಟರ್ ಹಿಂದಿನ ವಾರ ಹೋಗಿ, ‘ಸಂಶೋಧನೆಗೆ’ ಎಂದು ಒಂದು ಚೀಟಿ ಬರೆದುಕೊಟ್ಟು, ಆ ಹನ್ನೊಂದು ವರ್ಷದ ಸಂಚಿಕೆಗಳಲ್ಲಿ ಬೇಕಾದದ್ದನ್ನೆಲ್ಲ ಒಂದೇ ಮಧ್ಯಾಹ್ನ ನಕಲು ಮಾಡಿಸಿಕೊಂಡು ಬಂದಿದ್ದರು. ಇಲ್ಲದ್ದು ಈ ಒಂದು ಸಂಚಿಕೆ. ಅದಿದ್ದದ್ದು ನಮ್ಮಲ್ಲಿ, ಪತ್ತೆಯಾದದ್ದು ಮೊನ್ನೆ.

‘ಅಲ್ಲಿ ಕೊಟ್ರು ಸಾರ್.’

‘ಅಲ್ಲಿನ ಕಾನೂನು ಅಲ್ಲಿಗೆ.’

‘ನದಿ ಒಂದೇ ತಾನೇ?’

‘ನೀರಿಗೆ ಕಲಂ ಇಲ್ಲ ಸಿಸ್ಟರ್. ಕಾಗದಕ್ಕಿದೆ.’

ಆಕೆ ಆ ದಿನ ಒಂದು ಕಾಗದದ ನಕಲು ತೆಗೆದುಕೊಂಡು, ಎರಡು ಪ್ರತಿ ಅರ್ಜಿಗೆ ಸಹಿ ಹಾಕಿ ಹೋದರು. ಮರುದಿನ ಮೂರಕ್ಕೆ ಸರಿಯಾಗಿ ಬಂದು, ಚೀಲದಿಂದ ಪೆನ್ಸಿಲ್ ತೆಗೆದು, ಎರಡನೇ ಕಾಗದವನ್ನು ಪದಶಃ ಬರೆದುಕೊಳ್ಳತೊಡಗಿದರು. ಸಾಹೇಬರು ಸ್ವಲ್ಪ ಹೊತ್ತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಆಮೇಲೆ ಎದ್ದು ಆಕೆಯ ಬಳಿ ಹೋಗಿ ಕೆಮ್ಮಿದರು.

‘ಸಿಸ್ಟರ್, ಅದು ಎರಡನೇದು.’

‘ಕೈಯಲ್ಲಿ ಬರೀತಿದೀನಿ ಸಾರ್. ನಿಮ್ಮ ಯಂತ್ರ ಮುಟ್ಟಿಲ್ಲ.’

‘ಕಾನೂನಲ್ಲಿ ಯಂತ್ರ ಅಂತ ಎಲ್ಲೂ ಇಲ್ಲಮ್ಮ. ನಕಲು ಅಂತಿದೆ. ನಿಮ್ಮ ಪೆನ್ಸಿಲ್ಲೂ ನಕಲು ಯಂತ್ರಾನೇ. ನಿಧಾನ, ಅಷ್ಟೆ.’

ಮೂವತ್ತು ವರ್ಷದಲ್ಲಿ ನಾನು ಬಹಳ ಅಧಿಕಾರಿಗಳನ್ನು ನೋಡಿದ್ದೇನೆ; ಪೆನ್ಸಿಲ್‌ಗೂ ಯಂತ್ರಕ್ಕೂ ಭೇದವೆಣಿಸದ ಸಮದರ್ಶಿಯನ್ನು ಬೇರೆಲ್ಲೂ ನೋಡಲಿಲ್ಲ. ಸಿಸ್ಟರ್ ಪೆನ್ಸಿಲ್ ಕೆಳಗಿಟ್ಟರು. ಗುರುವಾರ ಚೀಲವನ್ನು ಹೊರಗೇ ಬಿಟ್ಟು ಬರಿಗೈಯಲ್ಲಿ ಬಂದು, ಒಂದು ಕಾಗದವನ್ನು ಮೂರು ಸಲ ಓದಿ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಎದ್ದು ಹೊರಗೆ ಹೋದರು. ಐದು ನಿಮಿಷ ಬಿಟ್ಟು ಬಂದು ಇನ್ನೊಂದು ಕಾಗದ ಓದಿದರು. ಮತ್ತೆ ಹೊರಗೆ. ಮೂರನೇ ಸಲಕ್ಕೆ ಸಾಹೇಬರು ಅರ್ಜಿಯ ಹಾಳೆ ಹಿಡಿದು ಹಿಂದೆಯೇ ಹೋದರು. ಬಾಗಿಲು ತೆರೆದಿದ್ದರಿಂದ ನನಗೆ ಎಲ್ಲ ಕೇಳಿಸಿತು.

‘ಮೆಟ್ಟಿಲ ಮೇಲೆ ಕೂತು ಏನು ಬರೀತಿದೀರಿ?’

‘ನೆನಪಿದ್ದದ್ದು.’

‘ಪದಕ್ಕೆ ಪದ ನೆನಪಿದೆಯಾ?’

‘ನರ್ಸ್ ಕೆಲಸ ಸಾರ್. ಡಾಕ್ಟ್ರು ನಡೀತಾ ನಡೀತಾ ಹನ್ನೆರಡು ಔಷಧಿ ಹೇಳಿ ಹೋಗ್ತಾರೆ. ಒಂದು ಮರೆತ್ರೂ ಕಷ್ಟ.’

‘ಪದಕ್ಕೆ ಪದ ಇದ್ರೆ ಅದೂ ನಕಲೇ. ತಲೆ ಮೂಲಕ ಬಂದಿದೆ, ಅಷ್ಟೆ.’

ಆಗ ಮೊದಲ ಬಾರಿಗೆ ಸಿಸ್ಟರ್ ದನಿ ಸ್ವಲ್ಪ ಏರಿತು. ‘ಹಾಗಾದ್ರೆ ನನ್ನ ತಲೆಯಲ್ಲಿ ಹತ್ತು ಪರ್ಸೆಂಟ್ ಬಿಟ್ಟು ಮಿಕ್ಕದ್ದು ತೆಗೆದು ಇಲ್ಲೇ ಇಟ್ಕೊಳ್ಳಿ ಸಾರ್. ಬೀಗ ಹಾಕಿ. ಸೋಮವಾರ ಬಂದು ತಗೊಂಡು ಹೋಗ್ತೀನಿ.’

ಸಾಹೇಬರು ಒಳಗೆ ಬಂದಾಗ ಕಿವಿ ಕೆಂಪಾಗಿತ್ತು. ಕೂತು ಏನೋ ಬರೆದರು. ಅವರು ಕೆಟ್ಟವರಲ್ಲ ಎಂಬುದಕ್ಕೆ ಇದೇ ಸಾಕ್ಷಿ: ಅನುಮತಿ ಕೋರಿ ಆ ಪತ್ರಿಕೆ ಹೊರಡಿಸುತ್ತಿದ್ದ ಆಸ್ಪತ್ರೆಗೆ ಅವರೇ ಪತ್ರ ಬರೆದು, ತಾವೇ ಅಂಚೆಗೆ ಹಾಕಿ ಬಂದರು. ಸಿಸ್ಟರ್‌ಗೆ ಹೇಳಿ ಕಳಿಸಿದರು. ಆಕೆ ಕಾದರು. ಎಂಟು ದಿನವಾದ ಮೇಲೆ ಪತ್ರ ವಾಪಸು ಬಂತು. ‘ವಿಳಾಸದಾರರು ಇಲ್ಲ. ಕಟ್ಟಡ ಇಲ್ಲ’ ಎಂದು ಅಂಚೆಯವನು ಕೆಂಪು ಶಾಯಿಯಲ್ಲಿ ಬರೆದಿದ್ದ. ಎರಡನೇ ವಾಕ್ಯ ಅವನ ಸ್ವಂತದ್ದಿರಬೇಕು.

ಸಿಸ್ಟರ್ ಆ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂಬತ್ತು ದಿನ ಉಳಿದಿತ್ತು. ಅಳುವವರ ಪೈಕಿಯಲ್ಲ ಆಕೆ, ಗಡಿಯಾರ ನೋಡಿಕೊಂಡರು.

‘ಅನುಮತಿ ಕೊಡೋರೂ ಇಲ್ಲ, ಬೇಡ ಅನ್ನೋರೂ ಇಲ್ಲ. ಆದ್ರೂ ಆಗಲ್ಲ ಅಲ್ವಾ ಸಾರ್?’

‘ನಾನು ಹೇಳ್ತಿರೋದಲ್ಲ ಸಿಸ್ಟರ್. ಬನ್ನಿ, ನೀವೇ ಓದಿ’ ಎಂದು ಸಾಹೇಬರು ಮೇಜಿನ ಮೇಲಿದ್ದ ಕಾನೂನಿನ ಪುಸ್ತಕವನ್ನು ಆಕೆಯ ಕಡೆಗೆ ತಿರುಗಿಸಿದರು. ಅದು ಸದಾ ಅಲ್ಲೇ ಇರುತ್ತಿತ್ತು: ಚರ್ಮದ ಬೆನ್ನು, ಚಿನ್ನದ ಅಕ್ಷರ. ಸಿಸ್ಟರ್ ಸಾಹೇಬರು ಬೆರಳಿಟ್ಟ ಸಾಲನ್ನು ಓದಲಿಲ್ಲ. ಆಕೆಯ ಕಣ್ಣು ನೇರ ಪುಟದ ಬುಡಕ್ಕೆ ಹೋಯಿತು.

‘ಇದರ ಡೇಟ್ ಮುಗಿದಿದೆಯಲ್ಲ ಸಾರ್.’

‘ಏನು?’

‘ಯಾವ ಬಾಟಲಿ ಕೈಗೆ ಬಂದ್ರೂ ಮೊದಲು ಕೆಳಗಿನ ಡೇಟ್ ನೋಡೋದು ನಮ್ಮ ಅಭ್ಯಾಸ. ಇಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಾರೆ ನೋಡಿ, ಈ ದಿನದವರೆಗಿನ ತಿದ್ದುಪಡಿ ಸೇರಿದೆ ಅಂತ. ಒಂಬತ್ತು ವರ್ಷ ಆಯ್ತು. ಆಮೇಲೆ ಏನೂ ಬಂದಿಲ್ವಾ?’

ಸಾಹೇಬರು ನನ್ನ ಕಡೆ ನೋಡಿದರು. ನಾನು ಅಂಟಿನ ಕುಂಚ ಹಿಡಿದಿದ್ದ ಕೈಯನ್ನು ನೋಡಿಕೊಂಡೆ. ಇಲ್ಲಿಂದ ಮುಂದೆ ಈ ಕಥೆಯಲ್ಲಿ ತಪ್ಪು ನನ್ನದು, ಮುಚ್ಚಿಡುವುದಿಲ್ಲ.

ಆ ಪುಸ್ತಕ ಮೂಲದಲ್ಲಿ ಪುಸ್ತಕವೇ ಅಲ್ಲ. ಬಿಡಿ ಹಾಳೆಗಳ ಕಟ್ಟು. ಕಬ್ಬಿಣದ ಬಳೆಗಳಿಗೆ ಸಿಕ್ಕಿಸಿಟ್ಟದ್ದು. ಕಾನೂನು ಬದಲಾದಾಗ ಹಳೆ ಹಾಳೆ ತೆಗೆದು ಹೊಸ ಹಾಳೆ ಹಾಕಲೆಂದೇ ಹಾಗೆ ಮಾಡಿರುತ್ತಾರೆ. ಒಂಬತ್ತು ವರ್ಷದ ಹಿಂದೆ ಅದರ ತೂತುಗಳು ಹರಿದು ಹಾಳೆಗಳು ಉದುರುತ್ತಿದ್ದವು. ‘ಕಾನೂನು ಹೀಗೆ ನೆಲಕ್ಕೆ ಬೀಳಬಾರದು ಬೈಂಡರೇ’ ಎಂದು ಸಾಹೇಬರು ಭಕ್ತಿಯಿಂದ ನನ್ನ ಕೈಗೆ ಕೊಟ್ಟರು. ನಾನೂ ಭಕ್ತಿಯಿಂದ ಬಳೆ ಕಿತ್ತು, ಎರಡೆಳೆ ದಾರದಲ್ಲಿ ಹೊಲಿದು, ಬೆನ್ನಿಗೆ ಚರ್ಮ ಹಾಕಿ, ಚಿನ್ನದಲ್ಲಿ ಹೆಸರು ಒತ್ತಿದೆ. ನನ್ನ ಕೈಯಲ್ಲಿ ಅದಕ್ಕಿಂತ ಚೆಂದದ ಕೆಲಸ ಆಗಿಲ್ಲ. ಒಂದು ವರ್ಷದ ಮೇಲೆ ಸರ್ಕಾರಿ ಮುದ್ರಣಾಲಯದಿಂದ ಮೊದಲ ಲಕೋಟೆ ಬಂತು: ಇಂಥ ಪುಟ ತೆಗೆಯಿರಿ, ಇಂಥ ಪುಟ ಸೇರಿಸಿರಿ. ಇಬ್ಬರೂ ಸೇರಿ ಎಳೆದೆವು. ಹಾಳೆ ಬರಲಿಲ್ಲ, ನನ್ನ ಹೊಲಿಗೆ ಅಷ್ಟು ಗಟ್ಟಿ. ‘ಸದ್ಯಕ್ಕೆ ನಿಮ್ಮ ಬೀರುವಿನಲ್ಲಿರಲಿ’ ಎಂದರು ಸಾಹೇಬರು. ಎರಡನೇ ಲಕೋಟೆಗೂ ಅದೇ ಮಾತು. ಮೂರನೆಯದರಿಂದ ಅಂಚೆಯವನು ನೇರ ನನಗೇ ಕೊಡತೊಡಗಿದ, ನಾನು ಯಾರಿಗೂ ಹೇಳದೆ ಒಳಗಿಡತೊಡಗಿದೆ. ಕಷ್ಟಪಟ್ಟು ಹೊಲಿದದ್ದನ್ನು ಬಿಚ್ಚು ಎಂದುಬಿಟ್ಟರೆ ಎಂಬ ಹೆದರಿಕೆ. ಹಾಗೆ ನಮ್ಮ ಗ್ರಂಥಾಲಯದಲ್ಲಿ ಕಾನೂನು ಒಂಬತ್ತು ವರ್ಷ ಕದಲದೆ ನಿಂತಿತ್ತು.

ಬೀರು ತೆರೆದು ಒಂಬತ್ತು ಲಕೋಟೆ ತಂದು ಮೇಜಿನ ಮೇಲಿಟ್ಟೆ. ಮೊದಲನೆಯದೊಂದು ಬಿಟ್ಟರೆ ಯಾವುದನ್ನೂ ಒಡೆದಿರಲಿಲ್ಲ. ಸಾಹೇಬರು ಅವನ್ನು ನೋಡಿದ ರೀತಿಗೆ, ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

‘ಸದ್ಯಕ್ಕೆ ಅಂತ ಹೇಳಿದ್ದು ನಾನೇ’ ಎಂದರು ಕೊನೆಗೆ. ಆ ಒಂದು ವಾಕ್ಯಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ. ತಪ್ಪಿನ ಅರ್ಧ ಭಾರವನ್ನು ಕೇಳದೆಯೇ ಹೊತ್ತುಕೊಳ್ಳುವ ಮೇಲಧಿಕಾರಿ ಎಷ್ಟು ಜನರಿಗೆ ಸಿಕ್ಕಾರು?

‘ಒಡೆದು ಓದೋಣ ಸಾರ್’ ಎಂದರು ಸಿಸ್ಟರ್.

‘ಓದೋದಲ್ಲ. ಸೇರಿಸ್ಬೇಕು. ಒಂದು ವರ್ಷ ಹಾಕಿದ್ದನ್ನ ಮುಂದಿನ ವರ್ಷ ತೆಗೆದಿರ್ತಾರೆ. ಮಧ್ಯದ್ದು ಒಂದು ಓದಿ ಕುಣಿದು, ಆಮೇಲೆ ಅದು ರದ್ದಾಗಿದೆ ಅಂತ ಗೊತ್ತಾದ್ರೆ? ಮೊದಲಿಂದ ಬರ್ಬೇಕು.’ ಸಾಹೇಬರು ನನ್ನತ್ತ ತಿರುಗಿದರು. ‘ಬಿಚ್ಚಿ ಬೈಂಡರೇ.’

ಮರುದಿನ ಶನಿವಾರ. ಸಿಸ್ಟರ್ ಒಂದು ದಿನ ರಜೆ ಹಾಕಿ ಬೆಳಿಗ್ಗೆ ಹತ್ತಕ್ಕೇ ಬಂದರು. ನಾನು ಚಾಕು ಮಸೆದು, ಚರ್ಮ ಸೀಳಿ, ದಾರವನ್ನು ಗಂಟು ಗಂಟಾಗಿ ಕತ್ತರಿಸಿದೆ. ಸಿಸ್ಟರ್ ಪಕ್ಕದಲ್ಲಿ ನಿಂತು, ‘ಎಷ್ಟು ಚೆನ್ನಾಗಿ ಹಾಕಿದೀರಿ ಬೈಂಡ್ರಣ್ಣ. ನಮ್ಮ ಸರ್ಜನ್ ನೋಡಿ ಕಲೀಬೇಕು’ ಎಂದರು. ಬಿಚ್ಚುವಾಗ ಬಂದ ಮೆಚ್ಚುಗೆ, ಆದರೂ ಮೆಚ್ಚುಗೆಯೇ.

ಆಮೇಲೆ ಕೆಲಸ ಸಿಸ್ಟರ್ ಹೇಳಿದಂತೆ ನಡೆಯಿತು. ಆಪರೇಷನ್ ಕೋಣೆಯಲ್ಲಿ ಹತ್ತಿಯುಂಡೆ ಎಣಿಸುವ ಹಾಗೆ ಒಬ್ಬರು ಹೇಳಬೇಕು, ಇನ್ನೊಬ್ಬರು ಮಾಡಿ ಅದನ್ನೇ ತಿರುಗಿ ಹೇಳಬೇಕು. ಬಾಯಿ ಮುಚ್ಚಿಕೊಂಡು ಮಾಡಿದ್ದು ಮಾಡಿದಂತಲ್ಲ.

‘ನಲವತ್ತೊಂದರಿಂದ ನಲವತ್ತೆಂಟು ತೆಗೆಯಿರಿ’ ಎಂದು ಸಿಸ್ಟರ್ ಲಕೋಟೆಯ ಚೀಟಿ ನೋಡಿ ಓದಿದರು.

‘ನಲವತ್ತೊಂದರಿಂದ ನಲವತ್ತೆಂಟು ತೆಗೆದೆ’ ಎಂದೆ ನಾನು.

‘ಹೊಸ ನಲವತ್ತೊಂದು ಸೇರಿಸಿರಿ.’

‘ಸೇರಿಸಿದೆ.’

ಮೊದಲ ಮೂರು ವರ್ಷ ಹಾಡುಗಳ ಬಗ್ಗೆ, ಕಟ್ಟಡದ ನಕ್ಷೆಗಳ ಬಗ್ಗೆ ಏನೇನೋ ಬದಲಾಗಿತ್ತು, ನಮಗೆ ಬೇಕಾದದ್ದಲ್ಲ. ನಾಲ್ಕನೇ ಲಕೋಟೆಯಲ್ಲಿ ಮೂವತ್ತೊಂದನೇ ಕಲಂಗೆ ಒಂದು ಹೊಸ ಪ್ಯಾರಾ ಬಂತು: ಸ್ವಂತ ಸಂಶೋಧನೆ ಮಾಡುವವರಿಗೆ ನೂರಕ್ಕೆ ಹತ್ತರ ಮಿತಿ ಅನ್ವಯಿಸದು. ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ಸಾಹೇಬರು ‘ಇನ್ನೂ ಐದು ಇವೆ’ ಎಂದರು. ದನಿ ಗಟ್ಟಿಯಿರಲಿಲ್ಲ.

ಐದರಲ್ಲಿ ಏನಿಲ್ಲ. ಆರನೇ ಲಕೋಟೆಯ ಚೀಟಿ ಓದುತ್ತಿದ್ದ ಸಿಸ್ಟರ್ ಅರ್ಧಕ್ಕೆ ನಿಂತರು.

‘ಮೂವತ್ತೊಂದನೇ ಕಲಂಗೆ ಸೇರಿಸಿದ ಪುಟ ತೆಗೆಯಿರಿ.’

ಕಾದೆ. ‘ಆಮೇಲೆ?’

‘ಬದಲಿ ಹಾಳೆ ಇಲ್ಲ ಅಂತಿದೆ.’

ಆ ಹಾಳೆ ಒಳಗೆ ಹೋಗಿ ಅರ್ಧ ಗಂಟೆಯಾಗಿರಲಿಲ್ಲ. ‘ತೆಗೆದೆ’ ಎಂದು ಹೇಳಬೇಕಾದವನು ನಾನು. ನಾನು ಬೇರೆ ಹಾಳೆಗಳ ಅಂಚು ಸರಿಮಾಡತೊಡಗಿದೆ. ಸಾಹೇಬರು ತಾವೇ ಆ ಹಾಳೆ ಎತ್ತಿ ಪಕ್ಕಕ್ಕಿಟ್ಟು, ‘ತೆಗೆದೆ’ ಎಂದರು. ಇಂಥ ಗಳಿಗೆಯಲ್ಲಿ ಅವರು ಖುಷಿಪಡುತ್ತಾರೆಂದು ಮೂರನೇ ಮಹಡಿಯಲ್ಲಿ ಯಾರಾದರೂ ಪಣ ಕಟ್ಟಿದ್ದರೆ ಸೋಲುತ್ತಿದ್ದರು. ಅವರ ಮುಖ ಬಿಳಿಚಿತ್ತು. ಏಳನೇ ಲಕೋಟೆಯಲ್ಲಿ ದಂಡದ ಅಧ್ಯಾಯ ಮಾತ್ರ ಇತ್ತು. ಎಂಟನೆಯದು ದಪ್ಪಗಿತ್ತು. ಸಿಸ್ಟರ್ ಚೀಟಿಯನ್ನು ಒಮ್ಮೆ ತಮ್ಮಷ್ಟಕ್ಕೇ ಓದಿಕೊಂಡು, ಮತ್ತೆ ಜೋರಾಗಿ ಓದಿದರು.

‘ಹೊಸ ಅಧ್ಯಾಯ ಸೇರಿಸಿರಿ. ಸಂಶೋಧನೆ.’

ಒಂದು ಪ್ಯಾರಾ ಹೋಗಿ ಒಂದು ಅಧ್ಯಾಯವೇ ಬಂದಿತ್ತು. ಸಾಹೇಬರು ನಿಂತುಕೊಂಡೇ ಓದಿದರು. ಲಾಭದ ಉದ್ದೇಶವಿಲ್ಲದ ಸಂಶೋಧನೆಗೆ ಅಗತ್ಯವಿರುವಷ್ಟನ್ನು ನಕಲು ಮಾಡಬಹುದು. ಕೃತಿ ಮಾರುಕಟ್ಟೆಯಲ್ಲಿ ಸಿಗದಿದ್ದಲ್ಲಿ ಪೂರ್ಣವಾಗಿಯೇ ಮಾಡಬಹುದು. ಸಂಶೋಧನೆಯನ್ನು ಪರಿಶೀಲಿಸುವ ಕೆಲವರಿಗೆ, ಅವರು ದೇಶದೊಳಗಿರಲಿ ಹೊರಗಿರಲಿ, ಒಂದೊಂದು ಪ್ರತಿ ಕೊಡಬಹುದು. ಬರೆದವರ ಹೆಸರು ಹೇಳಬೇಕು, ಮಾರಬಾರದು. ಒಂಬತ್ತನೇ ಲಕೋಟೆ ಅದನ್ನು ಮುಟ್ಟಿರಲಿಲ್ಲ.

ಸಾಹೇಬರು ಒಂದು ಪದದ ಮೇಲೆ ಬೆರಳಿಟ್ಟುಕೊಂಡೇ ಉಳಿದರು. ‘ಅಗತ್ಯವಿರುವಷ್ಟು. ಅಗತ್ಯವಿರುವಷ್ಟು ಅಂದ್ರೆ ಎಷ್ಟು ಪರ್ಸೆಂಟು?’

‘ನೂರು ಸಾರ್’ ಎಂದರು ಸಿಸ್ಟರ್.

‘ಮಾರುಕಟ್ಟೆಯಲ್ಲಿ ಸಿಗಲ್ಲ ಅನ್ನೋದಕ್ಕೆ ಆಧಾರ?’ ಎಂದು ತಮ್ಮನ್ನೇ ಕೇಳಿಕೊಂಡು, ಕೆಂಪು ಶಾಯಿಯ ಲಕೋಟೆಯನ್ನು ತಾವೇ ಅರ್ಜಿಗೆ ಪಿನ್ ಹೊಡೆದರು. ಯಂತ್ರ ಹಚ್ಚಿದರು. ಅದು ಬಿಸಿಯಾಗುವವರೆಗೆ ಮೂವರೂ ಅದನ್ನೇ ನೋಡುತ್ತ ನಿಂತಿದ್ದೆವು.

ಸಾಹೇಬರಿಗೆ ಒಂದು ವ್ರತವಿತ್ತು: ನಕಲು ತೆಗೆಯುವುದನ್ನು ಓದಬಾರದು. ಓದಿದರೆ ಇದು ಬೇಕಾದದ್ದು, ಇದು ಬೇಡದ್ದು ಎಂದು ಮನಸ್ಸು ಹೇಳತೊಡಗುತ್ತದೆ, ಆಗ ಅಳತೆ ತಪ್ಪುತ್ತದೆ ಎನ್ನುತ್ತಿದ್ದರು. ಅಂದು ಅಳತೆಯಿಲ್ಲದ ಕಾರಣಕ್ಕೋ ಏನೋ, ಮೂವತ್ತನೇ ಕಾಗದದ ಆಚೀಚೆ ಯಂತ್ರದ ಸದ್ದು ನಿಂತಿತು. ನೋಡಿದರೆ ಸಾಹೇಬರು ಕನ್ನಡಕ ಹಣೆಗೇರಿಸಿ ಸಂಚಿಕೆಯನ್ನು ಕಣ್ಣ ಹತ್ತಿರ ಹಿಡಿದಿದ್ದರು.

ಆ ಕಾಗದವನ್ನು ನಾನೂ ಆಮೇಲೆ ಓದಿದೆ. ಆರೇ ಸಾಲು. ‘ಮುಖ ನೋಡಬೇಡಿ. ಮಾತು ಹೋದವರ ಮುಖ ಮನೆಯವರನ್ನು ಕಂಡರೆ ಸುಮ್ಮನೆ ನಗುತ್ತದೆ. ಹೊದಿಕೆ ಸರಿಸಿ ಕಾಲ್ಬೆರಳು ನೋಡಿ. ಮುದುರಿಕೊಂಡಿದ್ದರೆ ನೋವಿದೆ. ಮಗ್ಗುಲು ಬದಲಾಯಿಸಿ, ಬೆರಳು ಬಿಚ್ಚಿಕೊಳ್ಳುವವರೆಗೆ ಅಲ್ಲೇ ನಿಲ್ಲಿ.’ ಕೆಳಗೆ ಹೆಸರಿಲ್ಲ. ‘ಆರನೇ ವಾರ್ಡಿನವಳು’ ಎಂದಷ್ಟೇ ಇತ್ತು.

‘ಸಿಸ್ಟರ್’ ಎಂದರು ಸಾಹೇಬರು. ‘ಮನೇಲಿ ನಮ್ಮ ಅಣ್ಣ ಇದಾನೆ. ಪಾರ್ಶ್ವವಾಯು. ಮೂರು ವರ್ಷ ಆಯ್ತು, ಮಾತಿಲ್ಲ. ನಾನು ಹೋದ್ರೆ ನಗ್ತಾನೆ.’

ಮೂರು ವರ್ಷದಿಂದ ದಿನಾ ಮಧ್ಯಾಹ್ನ ಅವರು ಮನೆಗೆ ಓಡುತ್ತಿದ್ದರು. ಹೆಂಡತಿಯ ಕೈಯಡುಗೆಯ ಆಸೆ ಎಂದು ನಾವೆಲ್ಲ ಆಡಿಕೊಂಡಿದ್ದೆವು. ಅಣ್ಣನಿಗೆ ಉಣ್ಣಿಸಲು ಎಂದು ಆ ದಿನ ಗೊತ್ತಾಯಿತು.

‘ಬೆರಳು ಮುದುರಿರ್ತವೆ ಸಿಸ್ಟರ್. ಮಧ್ಯಾಹ್ನದ ಹೊತ್ತು. ಚಳಿ ಅಂದ್ಕೊಂಡು ಕಾಲುಚೀಲ ಹಾಕಿದೀನಿ.’

ಸಿಸ್ಟರ್ ಅಯ್ಯೋ ಪಾಪ ಎನ್ನಲಿಲ್ಲ. ‘ಯಾವ ಮಗ್ಗುಲು ಮಲಗಿಸ್ತೀರಿ? ಮಂಡಿ ಮಧ್ಯೆ ದಿಂಬು ಇಡ್ತೀರಾ?’ ಎಂದು ಒಂದೊಂದೇ ಕೇಳಿದರು. ಕೊನೆಗೆ, ‘ಮನೆ ಎಲ್ಲಿ ಹೇಳಿ ಸಾರ್. ನಾಳೆ ಭಾನುವಾರ, ಬರ್ತೀನಿ’ ಎಂದರು.

‘ನಿಮಗೆ ಎಂಟೇ ದಿನ ಇದೆ.’

‘ಒಂದು ಗಂಟೆ ಕೆಲಸ. ನೀವು ಮಿಕ್ಕ ಕಾಗದ ತೆಗೀರಿ.’

ಸಂಜೆ ಐದರ ಬಸ್ಸಿಗೆ ಗುರುಗಳ ಪ್ರತಿ ನದಿ ದಾಟಿತು. ಭಾನುವಾರ ಸಿಸ್ಟರ್ ಸಾಹೇಬರ ಮನೆಗೆ ಹೋಗಿದ್ದರು. ಸೋಮವಾರ ಸಾಹೇಬರು ಕೋಣೆಗೆ ಬಂದವರೇ, ಟೋಪಿಯನ್ನೂ ತೆಗೆಯದೆ, ‘ಅಣ್ಣ ನಿನ್ನೆ ಎರಡು ಗಂಟೆ ನಿದ್ದೆ ಹೋದ ಬೈಂಡರೇ. ಹಗಲಲ್ಲಿ’ ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ ಅದನ್ನೇ ಹೇಳಿದರು. ನಾನು ಎರಡನೇ ಸಲವೂ ಹೊಸದಾಗಿ ಕೇಳಿದೆ.

ಆ ವಾರ ಅವರು ಇನ್ನೊಂದು ಕೆಲಸ ಹಚ್ಚಿಕೊಂಡರು. ಆಗುವುದಿಲ್ಲ ಎಂದು ತಾವು ವಾಪಸು ಕಳಿಸಿದವರನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟಿದ್ದರು. ಹೊಸ ಅಧ್ಯಾಯ ಜಾರಿಗೆ ಬಂದಮೇಲೆ ಹಾಗೆ ಹೋದವರು ತೊಂಬತ್ತಾರು ಜನ. ಒಬ್ಬೊಬ್ಬರಿಗೂ ಕಾರ್ಡು ಬರೆದರು: ‘ತಾವು ಕೇಳಿದ್ದನ್ನು ಆಗಲೇ ಕೊಡಬಹುದಿತ್ತು. ಕ್ಷಮಿಸಿ. ಈಗ ಬನ್ನಿ.’ ಉತ್ತರಗಳು ಬಂದವು. ಒಬ್ಬ ಸಂಶೋಧನೆ ಬಿಟ್ಟು ಕುರ್ಚಿ ಅಂಗಡಿ ಇಟ್ಟಿದ್ದೇನೆ, ಸುಖವಾಗಿದ್ದೇನೆ, ತಮಗೆ ವಂದನೆ ಎಂದು ಬರೆದ. ಇನ್ನೊಬ್ಬಾಕೆ, ‘ನಾನು ಆಗಲೇ ಸೇತುವೆ ದಾಟಿ ತೆಗೆಸಿಕೊಂಡೆ, ನೀವೂ ಕ್ಷಮಿಸಿ’ ಎಂದಿದ್ದಳು. ಹದಿನೇಳು ಜನ ನಿಜಕ್ಕೂ ಬಂದರು. ಮೆಟ್ಟಿಲ ಮೇಲೆ ಸಾಲು ನಿಂತದ್ದನ್ನು ನಾನು ಆ ಕಟ್ಟಡದಲ್ಲಿ ಕಂಡದ್ದು ಅದೇ ಮೊದಲು.

ಗುರುಗಳ ಪಟ್ಟಿ ಗುರುವಾರ ಬಂತು. ಎರಡು ಪಟ್ಟಿಯೂ ಹೊಂದಿದವು, ನಾಲ್ಕು ಕಾಗದ ಬಿಟ್ಟು. ಕಾಲ್ಬೆರಳನ್ನು ಮೂವತ್ತೇಳು ಜನ ಹೇಳಿದ್ದರು. ‘ನಲವತ್ತು ಅಂದಿದ್ರಲ್ಲ’ ಎಂದು ಸಾಹೇಬರು ಕೆಣಕಿದರು. ‘ಅಂದಾಜು ಸಾರ್. ಅದಕ್ಕೇ ಎಣಿಸ್ಬೇಕು ಅಂದಿದ್ದು’ ಎಂದರು ಸಿಸ್ಟರ್. ಗಡುವಿಗೆ ಎರಡು ದಿನ ಮುಂಚೆ ಪ್ರಬಂಧವನ್ನು ನಾನೇ ಬೈಂಡ್ ಮಾಡಿಕೊಟ್ಟೆ. ಮುನ್ನುಡಿಯಲ್ಲಿ ಕೃತಜ್ಞತೆ ಒಂದು ಪುಟಕ್ಕೂ ಹೆಚ್ಚಿತ್ತು. ಐವತ್ತೆಂಟು ಜನರ ಹೆಸರನ್ನೂ ಬರೆದಿದ್ದರು. ಹೆಸರಿಲ್ಲದವರಿಗೆ ವಾರ್ಡಿನ ಸಂಖ್ಯೆ.

ಮೌಖಿಕ ಪರೀಕ್ಷೆಯ ಮರುದಿನ ಸಿಸ್ಟರ್ ಬಂದರು. ಪಾಸಾಗಿತ್ತು, ಮುಖ ನೋಡಿದರೆ ಕೇಳಬೇಕಾದ್ದಿರಲಿಲ್ಲ. ಆದರೂ ಸಾಹೇಬರಿಗೆ ಒಂದು ಅಳುಕಿತ್ತು. ಒಂಬತ್ತು ವರ್ಷದ ಹಳೆಯ ಕಾನೂನು, ಬೀರುವಿನ ಲಕೋಟೆಗಳು, ಮೆಟ್ಟಿಲ ಮೇಲಿನ ಜಗಳ, ಇವೆಲ್ಲ ಪ್ರಾಧ್ಯಾಪಕರ ಮುಂದೆ ಹೊರಬಂದಿದ್ದರೆ?

‘ಆ ಸಂಚಿಕೆ ವಿಷಯ ಏನಾದ್ರೂ ಕೇಳಿದ್ರಾ?’

‘ಕೇಳಿದ್ರು ಸಾರ್. ಒಬ್ಬರಿಗೆ ತುಂಬ ಆಶ್ಚರ್ಯ. ಇವು ಐವತ್ತೆಂಟೂ ಪೂರ್ತಿ ನಿಮಗೆ ಹೇಗೆ ಸಿಕ್ಕಿದ್ವು ಅಂದ್ರು.’

‘ನೀವೇನಂದ್ರಿ?’

‘ಗ್ರಂಥಾಲಯದಲ್ಲಿ ಕೇಳ್ದೆ, ಕೊಟ್ರು ಅಂದೆ.’

ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒಂದು ಗಾಜು ಮುಗಿಸಿ ಇನ್ನೊಂದಕ್ಕೆ ಬಂದರು, ಮತ್ತೆ ಮೊದಲನೆಯದಕ್ಕೆ ಹೋದರು. ನಾನು ಅಂಟಿನ ಡಬ್ಬಿಯ ಮುಚ್ಚಳ ಎಲ್ಲಿ ಬಿತ್ತೋ ಎಂದು ಮೇಜಿನ ಕೆಳಗೆ ಬಗ್ಗಿದೆ. ಬಿದ್ದಿರಲಿಲ್ಲ; ಆದರೂ ಸ್ವಲ್ಪ ಹೊತ್ತು ಹುಡುಕಿದೆ.